ಹಸುವಿನ ಬೇಲಿ, ಆಕಾಶದ ಧೂಳು

ತಾಳವಾಡಿ, ಹೊರಡುವ ಹಿಂದಿನ ದಿನ

ಅವತ್ತು ನಮ್ಮ ಜಗಲಿಯ ಮೇಲೆ ನಾಲ್ವರಿದ್ದೆವು. ತಮ್ಮ ಶಿವಣ್ಣ, ಅವನ ಹೆಂಡತಿ ಪುಟ್ಟಮ್ಮ, ನನ್ನ ಜೊತೆ ಹೊಲದ ಬೇಲಿ ಸುತ್ತುವ ಸೋಲಿಗರ ಬೊಮ್ಮಯ್ಯ, ಮತ್ತು ನಾನು. ಐದನೆಯವಳು ಫೋನಿನೊಳಗಿದ್ದಳು. ಅವಳು ಶಿವಣ್ಣನ ಮಗಳು ಸುಮ. ನೆದರ್‌ಲ್ಯಾಂಡ್ಸ್ ದೇಶದ ಉತ್ತರಕ್ಕೆ, ಒಂದು ಜೌಗು ಸೀಮೆಯ ಹಳ್ಳಿಯಲ್ಲಿ ಕೂತು ಆಕಾಶದ ಸಂಶೋಧನೆ ಮಾಡುವವಳು. ಸೈಕಲ್ಲಿಂದ ಬಿದ್ದು ಪಾದದ ಕೀಲು ಮುರಿದುಕೊಂಡಿದ್ದಳು. ಒಂದೂವರೆ ತಿಂಗಳು ಅನ್ನ ಬೇಯಿಸಿ ಹಾಕಲು ಒಬ್ಬರು ಬೇಕಿತ್ತು. ಪುಟ್ಟಮ್ಮನಿಗೆ ದಿಂಬಂ ಘಾಟಿ ಇಳಿದರೇ ತಲೆ ತಿರುಗುತ್ತದೆ, ಇನ್ನು ವಿಮಾನ ಎಲ್ಲಿಂದ ಬಂತು. ಶಿವಣ್ಣನಿಗೆ ಬೆಳ್ಳುಳ್ಳಿ ಕೀಳುವ ಕಾಲ. ಉಳಿದವಳು ಸೋದರತ್ತೆ ನಾನೊಬ್ಬಳು.

ಮೂಟೆ ಕಟ್ಟುವಾಗ ಬೊಮ್ಮಯ್ಯ ಗೂಡಿನಲ್ಲಿದ್ದ ಟ್ರಾನ್ಸಿಸ್ಟರನ್ನು ತಂದು ನನ್ನ ಮುಂದಿಟ್ಟ.

“ಇದ ಬುಟ್ಟು ಓಗ್ಬ್ಯಾಡ ಕಣಕ್ಕ. ಗೊತ್ತಿಲ್ದ ಊರು. ಎಲ್ಲೆಲ್ಲಿ ತಂತಿ ಎಳ್ದವ್ರೋ ಯಾರ್ ಕಂಡವ್ರು.”

“ಅಲ್ಲಿ ಆನೆ ಇಲ್ಲ ಕಣ್ಲಾ ಬೊಮ್ಮ,” ಅಂದ ಶಿವಣ್ಣ.

“ಆನೆ ಇಲ್ದಿದ್ರೆ ಇನ್ನೊಂದು ಇರ್ತದೆ. ಕಾಯೋದು ಏನೂ ಇಲ್ದಿರೊ ಊರು ಯಾವ್ದಣ್ಣ?”

ದೂರದ ಓದುಗರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಟ್ರಾನ್ಸಿಸ್ಟರ್ ಇರುವುದು ಹಾಡು ಕೇಳುವುದಕ್ಕಲ್ಲ. ಹೊಲದ ಸುತ್ತ ಸೋಲಾರ್ ಬೇಲಿ ಇದೆ. ಆನೆ ಮುಟ್ಟಿದರೆ ಜುಮ್ ಅನ್ನಿಸಿ ಹಿಂದಕ್ಕೆ ಕಳಿಸುವಷ್ಟು ಕರೆಂಟು, ಬಿಟ್ಟು ಬಿಟ್ಟು ಹರಿಯುತ್ತದೆ. ಎಲ್ಲೋ ಒಂದು ಲಂಟಾನ ಕಡ್ಡಿ ತಂತಿಗೆ ತಗುಲಿದರೆ, ಕಂಬದ ಮೇಲೆ ತಂತಿ ಹಿಡಿದ ಪಿಂಗಾಣಿ ಗುಬುಟು ಸೀಳಿದರೆ ಆ ಕರೆಂಟು ನೆಲಕ್ಕೆ ಸೋರಿ ಹೋಗುತ್ತದೆ. ಎಲ್ಲಿ ಸೋರುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ರೇಡಿಯೊದ ಮುಳ್ಳನ್ನು ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿ ಬೇಲಿಯ ಪಕ್ಕ ನಡೆಯಬೇಕು. ಸೊರ್ರೆನ್ನುವ ಸದ್ದಿನ ನಡುವೆ ಟಕ್, ಟಕ್, ಟಕ್ ಕೇಳುತ್ತದೆ. ಎಲ್ಲಿ ಟಕ್ ಜೋರಾಯಿತೋ ಅಲ್ಲಿ ಸೋರಿಕೆ. ನನ್ನ ಗಂಡ ಇದ್ದಾಗ ಅವರು ನಡೆಯುತ್ತಿದ್ದರು. ಅವರು ಹೋದ ಮೇಲೆ ನಾನೂ ಬೊಮ್ಮಯ್ಯನೂ ನಡೆಯುತ್ತೇವೆ. ದಿನಾ ಹೀಗೆ ತಂತಿಗೆ ಕಿವಿ ಕೊಟ್ಟು ಬಾಳಿದವರಿಗೆ ಎಲ್ಲದರ ಮೇಲೂ ಅನುಮಾನ ಹುಟ್ಟುವುದು ಸಹಜ ಅನ್ನಿ.

ಫೋನಿನೊಳಗಿಂದ ಸುಮ ಎಚ್ಚರಿಸಿದಳು, ಆಂಟೆನಾ ಇರುವ ಊರು, ರೇಡಿಯೊ ಅಲೆ ಬಿಡುವ ಯಾವ ಸಾಮಾನನ್ನೂ ತರಬೇಡ ಅಂತ. ನಾನು ಹೂಂ ಅಂದೆ. ಆಮೇಲೆ ಟ್ರಾನ್ಸಿಸ್ಟರನ್ನು ಸೀರೆಯಲ್ಲಿ ಸುತ್ತಿ ಒಳಗಿಟ್ಟೆ. ಅದು ಕೇಳುತ್ತದೆ, ಮಾತಾಡುವುದಿಲ್ಲ. ಕೇಳುವವರಿಂದ ಯಾರಿಗೇನು ತೊಂದರೆ ಎನ್ನುವುದು ನನ್ನ ಲೆಕ್ಕ.

ವಿಮಾನ ನಿಲ್ದಾಣ

ಹೊರದೇಶ ಅನ್ನುವುದು ತಾಳವಾಡಿಯವರಿಗೆ ಅಂಥ ಹೊಸ ಸಂಗತಿಯೇನಲ್ಲ. ತಮಿಳುನಾಡಿಗೆ ಸೇರಿದ ಊರು, ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತಮಿಳು, ಸಂತೆಯಲ್ಲಿ ಎರಡೂ. ಘಾಟಿಯ ಇಪ್ಪತ್ತೇಳು ತಿರುವು ಇಳಿದು ಸತ್ಯಮಂಗಲ ಸೇರಿದರೆ ಗಾಳಿಯೇ ಬೇರೆ. ಹಾಗಾಗಿ ಗೊತ್ತಿಲ್ಲದ ಭಾಷೆಯ ಎದುರು ನಗುತ್ತಾ ನಿಲ್ಲುವುದು ನನಗೆ ರೂಢಿ.

ಆದರೆ ವಿಮಾನ ಇಳಿದ ಕಡೆ ನಗು ನಡೆಯಲಿಲ್ಲ. ಎತ್ತರದ ಒಬ್ಬ ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿದ. ಮೂರು ಚೀಲ ರಾಗಿ ಹಿಟ್ಟು ನೋಡಿ ಒಂದನ್ನು ಎತ್ತಿ ಅಲುಗಾಡಿಸಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ಆಮೇಲೆ ಒಂದು ನಾಯಿ ಬಂತು. ಅದು ರಾಗಿಯನ್ನು ಬಿಟ್ಟು ನೇರವಾಗಿ ತುಪ್ಪದ ಬಾಟಲಿಯ ಹತ್ತಿರ ಹೋಗಿ ಕೂತಿತು. ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲವಂತೆ. ನಮ್ಮ ಹಸು ಕೆಂದಿಯ ತುಪ್ಪ ನನ್ನ ಕಣ್ಣೆದುರೇ ಕಸದ ಡಬ್ಬಿಗೆ ಹೋಯಿತು. ಟ್ರಾನ್ಸಿಸ್ಟರನ್ನು ಕೈಯಲ್ಲಿ ತಿರುಗಿಸಿ ನೋಡಿ, ಅಜ್ಜನ ಕಾಲದ್ದು ಎನ್ನುವಂತೆ ಮುಖ ಮಾಡಿ, ವಾಪಸ್ಸು ಇಟ್ಟ. ಯಾವುದರ ಮೇಲೆ ಅನುಮಾನ ಪಡಬೇಕೋ ಅದನ್ನು ಬಿಟ್ಟು ತುಪ್ಪವನ್ನು ಹಿಡಿದರಲ್ಲ ಅಂತ ನನಗೆ ಆಗ ಅನ್ನಿಸಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಅನ್ನಿಸಿತು.

ಅಲ್ಲಿಂದ ಉತ್ತರಕ್ಕೆ ರೈಲು. ಗಂಟೆಗಟ್ಟಲೆ ಹೋದರೂ ಒಂದು ದಿಬ್ಬ ಸಿಗಲಿಲ್ಲ. ಸೌಟಿನಿಂದ ತಟ್ಟಿದಂತೆ ಚಪ್ಪಟೆ ನೆಲ, ನಡುವೆ ನೀರಿನ ಕಾಲುವೆ, ಅದರಾಚೆ ಮೇಯುವ ಹಸು. ಬೆಟ್ಟ ಇಲ್ಲದ ಕಡೆ ದಿಕ್ಕು ಹೇಗೆ ಗೊತ್ತು ಮಾಡಿಕೊಳ್ಳುತ್ತಾರೋ ಈ ಜನ.

ಹೆನ್ನಿಯಮ್ಮನ ಮನೆ

ಸುಮ ಬಾಡಿಗೆಗಿದ್ದದ್ದು ಹೆನ್ನಿ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಮನೆಯಲ್ಲಿ. ನಾನು ಹೆನ್ನಿಯಮ್ಮ ಅಂದೆ. ಆಕೆಗೆ ಹೆಸರು ಉದ್ದವಾದದ್ದು ಇಷ್ಟವಾಯಿತು.

ಮೊದಲ ದಿನ ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದಳು. ಒಂದು ತೆಗೆದುಕೊಂಡೆ. ಡಬ್ಬಿ ಟಪ್ ಅಂತ ಮುಚ್ಚಿತು. ನಮ್ಮಲ್ಲಿ ಬಂದವರ ತಟ್ಟೆಗೆ ಬೇಡ ಬೇಡ ಅಂದರೂ ಸುರಿಯುತ್ತೇವೆ. ಇವಳಿಗೆ ನಾನು ಬಂದದ್ದು ಹಿಡಿಸಲಿಲ್ಲವೇನೋ ಅಂದುಕೊಂಡೆ. ಮಾರನೆಯ ದಿನ ಅವಳ ಗೆಳತಿಯರು ಬಂದಾಗ ನೋಡಿದರೆ ಅವರಿಗೂ ತಲಾ ಒಂದೇ. ಡಬ್ಬಿ ಅಷ್ಟೇ ಬಿಗಿಯಾಗಿ ಮುಚ್ಚಿತು. ಮನಸ್ಸಿಗೆ ಸಮಾಧಾನವಾಯಿತು.

ಇನ್ನೊಂದು, ಕಿಟಕಿಯ ಪರದೆ. ಆ ಬೀದಿಯಲ್ಲಿ ಯಾರೂ ಪರದೆ ಎಳೆಯುವುದಿಲ್ಲ. ದಾರಿಯಲ್ಲಿ ಹೋಗುವವರಿಗೆ ಮನೆಯೊಳಗಿನ ಕುರ್ಚಿ, ದೀಪ, ಊಟ ಎಲ್ಲಾ ಕಾಣುತ್ತದೆ. ನಾನು ಸಂಜೆ ಪರದೆ ಎಳೆಯುತ್ತಿದ್ದೆ, ಅವಳು ಬಂದು ತೆಗೆಯುತ್ತಿದ್ದಳು. ಮೂರು ಸಂಜೆ ಇದೇ ಆಯಿತು. ಸುಮ ನಕ್ಕು ವಿವರಿಸಿದಳು, ಇಲ್ಲಿ ಪರದೆ ಮುಚ್ಚಿದ ಮನೆಯ ಮೇಲೆ ಊರವರಿಗೆ ಅನುಮಾನವಂತೆ. ನಮ್ಮ ಕಡೆ ತೆರೆದಿಟ್ಟವರ ಮೇಲೆ ಅನುಮಾನ.

ನನ್ನ ಕೋಣೆ ಅಡುಗೆಮನೆಯ ಮೇಲೆ. ಮಧ್ಯಾಹ್ನ ಸುಮ ಮಲಗಿದಾಗ ಟ್ರಾನ್ಸಿಸ್ಟರ್ ಹೊರತೆಗೆದು ಮುಳ್ಳನ್ನು ಆ ಕಡೆಯಿಂದ ಈ ಕಡೆವರೆಗೂ ತಿರುಗಿಸಿದೆ. ಬರೀ ಸೊರ್ ಸದ್ದು. ಆ ಸದ್ದು ಕೇಳಿದರೆ ನಮ್ಮ ಹೊಲದಲ್ಲೇ ಇದ್ದ ಹಾಗೆ. ದಿನಾ ಅರ್ಧ ಗಂಟೆ ಕೇಳುತ್ತಿದ್ದೆ.

ಆಂಟೆನಾ ಹೊಲ

ಹೆನ್ನಿಯಮ್ಮ ಕಾರಿನಲ್ಲಿ ಕರೆದುಕೊಂಡು ಹೋದಳು. ಸುಮ ಊರುಗೋಲು ಹಿಡಿದು ಇಳಿದಳು. ಬಾಣಲೆಯಂಥ ದೊಡ್ಡ ದೊಡ್ಡ ತಟ್ಟೆ ಇರುತ್ತದೆ ಅಂತ ನಾನು ನೆನೆಸಿದ್ದೆ. ಇದ್ದದ್ದು ಕಡ್ಡಿಗಳು. ಆಳೆತ್ತರದ ನೂರಾರು ಕಡ್ಡಿ, ಒಂದೊಂದರ ತಲೆಯಿಂದ ನಾಲ್ಕು ಕಡೆಗೆ ಇಳಿಬಿಟ್ಟ ತಂತಿ. ಟೊಮೇಟೊ ಗಿಡಕ್ಕೆ ಊರುಗೋಲು ನೆಟ್ಟು, ಗಿಡ ಹಾಕುವುದನ್ನು ಮರೆತ ಹೊಲದ ಹಾಗಿತ್ತು.

“ಇದ್ರಲ್ಲಿ ಆಕಾಸ ಕಾಣ್ತದಾ?” ಅಂದೆ.

“ಕಾಣಲ್ಲ ಅತ್ತೆ, ಕೇಳ್ತದೆ. ನಿನ್ ಕಣ್ಗೆ ಕಾಣೋ ಬೆಳಕಲ್ಲ ಅದು. ರೇಡಿಯೊ ಅಲೆ.”

ಅಲ್ಲೇ ಹುಲ್ಲಿನ ಮೇಲೆ ಕೂತು ತಾನು ಮಾಡುವ ಕೆಲಸವನ್ನು ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. ನಮ್ಮ ಸೂರ್ಯನಂಥ ಕೋಟ್ಯಂತರ ನಕ್ಷತ್ರ ಸೇರಿ ಒಂದು ಗೆಲಕ್ಸಿ. ಅಂಥ ನೂರಾರು ಗೆಲಕ್ಸಿ ಸೇರಿ ಒಂದು ಗುಂಪು. ಕೆಲವು ಕಡೆ ಇಂಥ ಎರಡು ಗುಂಪು ಒಂದರೊಳಗೊಂದು ನುಗ್ಗುತ್ತವೆ. ನಮ್ಮ ಕಣ್ಣಿಗೆ ಅದು ನಿಂತೇ ಇರುವಂತೆ ಕಾಣುತ್ತದೆ, ಅಷ್ಟು ದೂರ, ಅಷ್ಟು ನಿಧಾನ.

“ಎರಡು ದನದ ಮಂದೆ ಎದ್ರು ಬದ್ರು ನುಗ್ತವೆ ಅನ್ಕೊ. ದನಕ್ಕೆ ದನ ತಾಗಲ್ಲ. ಸಂದೀಲಿ ನುಸುಳ್ಕೊಂಡು ಆಚೆ ಓಗ್ಬುಡ್ತವೆ. ಆದ್ರೆ ಎರಡು ಮಂದೆ ಎಬ್ಸಿದ ಧೂಳು ಅದೆಯಲ್ಲ, ಅದು ಒಂದಕ್ಕೊಂದು ಡಿಕ್ಕಿ ಒಡಿತದೆ. ಆ ಧೂಳಿನ ಅಂಚು ರೇಡಿಯೊದಲ್ಲಿ ಮಸುಕು ಮಸುಕಾಗಿ ಒಳೀತದೆ. ನಾನು ನೋಡೋದು ಅದ.”

ಹಳೆಯ ಒಂದು ಚಿತ್ರದಲ್ಲಿ ಅಂಥದೊಂದು ಬಾಗಿದ ಮಸುಕನ್ನು ಅವಳು ಕಂಡಿದ್ದಳು. ಅದುವರೆಗೆ ಯಾರೂ ಕಾಣದಿದ್ದದ್ದು. ಅವಳ ನಾಲ್ಕು ವರ್ಷದ ಪ್ರಬಂಧ ಅದರ ಮೇಲೆ ನಿಂತಿತ್ತು.

ನಾನು ಕೇಳಿದೆ, ಧೂಳು ಎದ್ದರೆ ದನವೇ ಬಂತು ಅಂತ ಹೇಗೆ ಹೇಳುತ್ತೀ, ಬರೀ ಗಾಳಿಗೂ ಏಳುತ್ತದಲ್ಲ. ಸುಮ ನನ್ನ ಮುಖವನ್ನೇ ನೋಡಿದಳು. “ನಮ್ ಮೇಷ್ಟ್ರೂ ಇದೇ ಕೇಳ್ತಾರೆ” ಅಂದಳು.

ಅವಳ ಮೇಷ್ಟ್ರು ಉದ್ದನೆಯ ಬಡಕಲು ಮನುಷ್ಯ. ಆ ಮಸುಕು ಆಕಾಶದ್ದೋ, ಪಕ್ಕದ ಹೊಳಪಿನ ನೆರಳೋ, ಇಲ್ಲಾ ಭೂಮಿಯದೇ ಯಾವುದೋ ಗಲಾಟೆಯೋ ಅಂತ ಅವರಿಗೆ ಸಂಶಯ. ಮತ್ತೆ ನೋಡಿ ತೋರಿಸು, ಇಲ್ಲದಿದ್ದರೆ ಪ್ರಬಂಧದಿಂದ ತೆಗೆ ಎಂದಿದ್ದರು. ಮತ್ತೆ ನೋಡಲು ಸುಮಳಿಗೆ ಸಿಕ್ಕಿದ್ದು ಎಂಟೆಂಟು ಗಂಟೆಯ ಮೂರು ಪಾಳಿ. ಅದಾದ ಮೇಲೆ ಆ ವರ್ಷ ಇನ್ನಿಲ್ಲ.

ಮೊದಲನೆಯ ಪಾಳಿ ನಾನು ಬಂದ ನಾಲ್ಕನೆಯ ದಿನ. ಅವತ್ತು ಸಂಜೆ ಸುಮ ಊಟ ಮಾಡಲಿಲ್ಲ. ಎಂಟು ಗಂಟೆಯ ತುಂಬಾ ಆಕಾಶದ್ದಲ್ಲದ ಏನೋ ಒಂದು ಅಲೆಯ ಕೆರೆತ ಬಿದ್ದಿತ್ತು. ಎಲ್ಲಿಂದಲೋ ಗೊತ್ತಿಲ್ಲ. ದೂರ ದೂರ ನಿಂತ ಆಂಟೆನಾ ಜೋಡಿಗಳಿಗೆ ಅಷ್ಟು ತೊಂದರೆಯಿಲ್ಲವಂತೆ, ಅವು ಸಣ್ಣ ಚುಕ್ಕಿಗಳನ್ನು ಹಿಡಿಯುವಂಥವು. ಅಗಲಕ್ಕೆ ಹರಡಿದ ಮಸುಕನ್ನು ಹಿಡಿಯುವುದು ಹತ್ತಿರ ಹತ್ತಿರದ ಜೋಡಿ. ಕೆರೆತ ಬಿದ್ದದ್ದು ಅವುಗಳಿಗೇ. ಇಂಥದನ್ನು ವ್ಯಾನಿನಲ್ಲಿ ಸುತ್ತಿ ಹುಡುಕುವ ಒಬ್ಬ ನೌಕರ ಇದ್ದಾನೆ, ಅವನು ಮೂರು ವಾರ ರಜೆ. ಅಲ್ಲಿ ರಜೆ ಅಂದರೆ ರಜೆ, ಮನೆಗೆ ಹೋಗಿ ಎಬ್ಬಿಸುವ ಹಾಗಿಲ್ಲ.

“ಯಾವತ್ತಿಂದ ಶುರುವಾಯ್ತು?” ಅಂತ ಕೇಳಿದೆ.

“ಸೋಮವಾರದಿಂದ ಅತ್ತೆ.”

ನಾನು ಬಂದಿಳಿದದ್ದು ಸೋಮವಾರ.

ರಾಗಿ ಹಿಟ್ಟಿನ ಚೀಲ

ಎರಡು ದಿನ ಈ ಮಾತು ಯಾರಿಗೂ ಹೇಳಲಿಲ್ಲ. ಮೇಲೆ ಹೋಗಿ ಟ್ರಾನ್ಸಿಸ್ಟರಿನ ಬ್ಯಾಟರಿ ಕಿತ್ತು, ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ರಾಗಿ ಹಿಟ್ಟಿನ ಚೀಲದೊಳಗೆ ಹೂತಿಟ್ಟೆ. ಆಮೇಲೆ ಮುದ್ದೆ ಮಾಡಲು ಬೇರೆ ಚೀಲ ತೆಗೆಯುತ್ತಿದ್ದೆ. ಮಾಡಿದ ತಪ್ಪಿಗಿಂತ ಮುಚ್ಚಿಟ್ಟ ತಪ್ಪು ಹೆಚ್ಚು ಕಚ್ಚುತ್ತದೆ ನೋಡಿ. ಸುಮ ಊರುಗೋಲು ಊರುತ್ತಾ ಅಡುಗೆಮನೆಗೆ ಬಂದರೆ ಚೀಲಕ್ಕೆ ಅಡ್ಡ ನಿಲ್ಲುತ್ತಿದ್ದೆ.

ಮೂರನೆಯ ದಿನ ಅವಳು ಕಂಪ್ಯೂಟರ್ ಮೇಜಿನ ಮೇಲಿಟ್ಟುಕೊಂಡು ಕೂತಿದ್ದಳು. ಮುದ್ದೆ ಬಡಿಸಲು ಹೋದವಳು ಪರದೆಯ ಮೇಲೆ ಕಣ್ಣು ಹಾಯಿಸಿದೆ. ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಗೆರೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಎಂದೆ. ಒಂದೂಕಾಲು ಸೆಕೆಂಡು ಅಂದಳು, ಒಂದಿಷ್ಟೂ ಆಚೀಚೆ ಆಗದೆ.

ಸೌಟಿನ ತುದಿಯಿಂದ ಮೇಜಿನ ಮೇಲೆ ತಟ್ಟಿದೆ. ಟಕ್. ಟಕ್. ಟಕ್. ನನ್ನ ಕೈಗೆ ಆ ತಾಳ ಗೊತ್ತು. ಹದಿನಾರು ವರ್ಷ ಕೇಳಿದ ತಾಳ.

“ಇದು ಬೇಲಿ ಕಣವ್ವ,” ಅಂದೆ.

“ನಿಂಗೆಂಗೆ ಗೊತ್ತು?”

ಅಲ್ಲಿಗೆ ಮುಚ್ಚಿಡುವ ದಾರಿ ಮುಗಿಯಿತು. ಚೀಲ ತಂದು ಹಿಟ್ಟಿನೊಳಗೆ ಕೈ ಹಾಕಿ ಟ್ರಾನ್ಸಿಸ್ಟರನ್ನು ಎತ್ತಿ ಅವಳ ಮುಂದಿಟ್ಟೆ. ಸುಮ ಅದನ್ನು ತಿರುಗಿಸಿ ನೋಡಿದಳು. ಆಮೇಲೆ ಪೊಲೀಸಿನವರ ಹಾಗೆ ಕೇಳತೊಡಗಿದಳು. ಯಾವ ದಿನ ಹಾಕಿದೆ, ಎಷ್ಟು ಗಂಟೆಗೆ, ಎಷ್ಟು ಹೊತ್ತು. ಒಂದೊಂದನ್ನೂ ಬರೆದುಕೊಂಡಳು. ಬರೆದ ಕಾಗದವನ್ನು ಗೆರೆಗಳ ಪಕ್ಕ ಹಿಡಿದು ನೋಡಿದಳು.

“ಏಳ್ಬಾರ್ದಾಗಿತ್ತಾ ಅತ್ತೆ, ಮೊದ್ಲೇ?”

ಅಷ್ಟೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಮೇಷ್ಟ್ರು ಮಾರನೆಯ ಬೆಳಿಗ್ಗೆಯೇ ಬಂದರು. ನನ್ನ ಮಾತನ್ನು ಅವರು ನಂಬಲಿಲ್ಲ, ಟ್ರಾನ್ಸಿಸ್ಟರನ್ನೂ ನಂಬಲಿಲ್ಲ. ಅದನ್ನು ತೆಗೆದುಕೊಂಡು ಹೋಗಿ, ಗೋಡೆಗೆಲ್ಲಾ ಲೋಹ ಹೊದಿಸಿದ ಒಂದು ಕೋಣೆಯಲ್ಲಿಟ್ಟು ಪರೀಕ್ಷೆ ಮಾಡಿದರಂತೆ. ಸಂಜೆ ತಂದುಕೊಟ್ಟು, ಇದು ಸಣ್ಣಗೆ ಸಿಳ್ಳೆ ಹೊಡೆಯುತ್ತದೆ ನಿಜ, ಆದರೆ ಹೊಲದವರೆಗೆ ಮುಟ್ಟುವುದಿಲ್ಲ, ಟಕ್ ಟಕ್ ಅನ್ನುವುದೂ ಇಲ್ಲ ಎಂದರು. ನನಗೆ ಹೋದ ಜೀವ ಬಂತು. ಬೇಲಿಯ ಮಾತನ್ನು ಮಾತ್ರ ಒಪ್ಪಲಿಲ್ಲ. ಸುತ್ತಲಿನ ಬೇಲಿಗಳನ್ನೆಲ್ಲಾ ಬೇಸಿಗೆಯಲ್ಲೇ ನೋಡಿಯಾಗಿದೆ, ಇನ್ನು ಯಾರನ್ನಾದರೂ ಕೇಳಬೇಕಾದರೆ ಕಾಗದ ಬರೆದು ಕಾಯಬೇಕು ಎಂದರು. ಎರಡನೆಯ ಪಾಳಿಗೆ ಉಳಿದದ್ದು ಎರಡು ದಿನ.

ಬೆರೆಂಡನ ಬೇಲಿ

ಆಂಟೆನಾ ಹೊಲದ ಪಕ್ಕ ಹಸು ಮೇಯಿಸುವವನು ಬೆರೆಂಡ್. ಅವನು ನಮ್ಮ ಹೆನ್ನಿಯಮ್ಮನ ತಮ್ಮ. ಇದು ತನ್ನ ತಮ್ಮನ ಬೇಲಿಯ ಕೆಲಸವಲ್ಲ, ಅವನು ಜೋಪಾನದ ಮನುಷ್ಯ ಅಂತ ಸಾಧಿಸಲಿಕ್ಕೆಂದೇ ಅವಳು ನನ್ನ ಜೊತೆ ಹೊರಟಳು. ನಾನು ಸೀರೆಯ ಮೇಲೆ ಸುಮಳ ಮಳೆಕೋಟು, ಕಾಲಿಗೆ ಹೆನ್ನಿಯಮ್ಮನ ರಬ್ಬರ್ ಬೂಟು ಹಾಕಿದ್ದೆ. ಮೇಷ್ಟ್ರ ಒಪ್ಪಿಗೆ ಕೇಳಿ ಟ್ರಾನ್ಸಿಸ್ಟರಿಗೆ ಬ್ಯಾಟರಿ ಹಾಕಿದ್ದೆ.

ನಮ್ಮಲ್ಲಿ ಬೇಲಿ ಇರುವುದು ಆನೆ ಒಳಗೆ ಬರಬಾರದು ಅಂತ. ಅಲ್ಲಿ ಹಸು ಹೊರಗೆ ಹೋಗಬಾರದು ಅಂತ. ತಂತಿ ಎರಡಕ್ಕೂ ಒಂದೇ.

ಕಾಲುವೆಯ ಪಕ್ಕ ನಡೆದೆವು. ಮೊದಲು ಸೊರ್, ಆಮೇಲೆ ಸಣ್ಣಗೆ ಟಕ್. ಇಪ್ಪತ್ತು ಹೆಜ್ಜೆ ಮುಂದೆ ಹೋದರೆ ಇನ್ನಷ್ಟು. ಹೆನ್ನಿಯಮ್ಮನ ಮುಖ ಚಿಕ್ಕದಾಗುತ್ತಾ ಬಂತು. ಅಷ್ಟರಲ್ಲಿ ದೊಡ್ಡದೊಂದು ನಾಯಿ, ಅದರ ಹಿಂದೆ ಬೆರೆಂಡ್. ಸೀರೆ ಉಟ್ಟು ಕಿವಿಗೆ ಪೆಟ್ಟಿಗೆ ಹಿಡಿದು ತನ್ನ ಬೇಲಿಯ ಪಕ್ಕ ಕದ್ದು ನಡೆಯುವ ಹೆಂಗಸನ್ನು ನೋಡಿದರೆ ಯಾರಿಗೆ ಅನುಮಾನ ಬರುವುದಿಲ್ಲ. ಅಕ್ಕತಮ್ಮಂದಿರ ನಡುವೆ ಜೋರು ಮಾತು ನಡೆಯಿತು. ಸುಮ ಆಮೇಲೆ ಹೇಳಿದ ಪ್ರಕಾರ ಅವನ ಸಿಟ್ಟು ಹಳೆಯದು. ಆ ಕಡ್ಡಿಗಳನ್ನು ನೆಟ್ಟಂದಿನಿಂದ ತನ್ನ ಹೊಲದಲ್ಲಿ ಹೊಸದೊಂದು ಮೋಟಾರು ಇಡಬೇಕಾದರೂ ಕೇಳಬೇಕು, ಏನೇ ಕೆಟ್ಟರೂ ಮೊದಲು ತನ್ನ ಮನೆಗೇ ಕಾಗದ ಬರುತ್ತದೆ, ಈಗ ಗೂಢಚಾರಿಣಿಯನ್ನೂ ಕಳಿಸಿದರೋ ಎಂದನಂತೆ.

ಅವನಿಗೆ ಹೇಳಲು ನನ್ನ ಹತ್ತಿರ ಭಾಷೆ ಇರಲಿಲ್ಲ. ಹತ್ತಿರ ಹೋಗಿ ಟ್ರಾನ್ಸಿಸ್ಟರನ್ನು ಅವನ ಕಿವಿಗೆ ಹಿಡಿದೆ. ಹಿಂದಕ್ಕೆ ಸರಿದ. ಮತ್ತೆ ಹಿಡಿದೆ. ಟಕ್, ಟಕ್. ಅವನ ಹುಬ್ಬು ಮೇಲೆ ಹೋಯಿತು. ತಾನೇ ಪೆಟ್ಟಿಗೆ ಕಿತ್ತುಕೊಂಡು ಬೇಲಿಯ ಉದ್ದಕ್ಕೂ ನಡೆದ. ನಾವು ಹಿಂದೆ.

ಕಾಲುವೆ ತಿರುಗುವ ಮೂಲೆಯ ಕಂಬದ ಹತ್ತಿರ ಪೆಟ್ಟಿಗೆ ಕಿರುಚಿಕೊಂಡಿತು. ಬಗ್ಗಿ ನೋಡಿದೆ. ತಂತಿಯನ್ನು ಹಿಡಿದ ಪ್ಲಾಸ್ಟಿಕ್ ಗುಬುಟು ಸೀಳಿ, ತಂತಿ ಒದ್ದೆ ಮರಕ್ಕೆ ತಾಗಿ ಕೂತಿತ್ತು. ಕೈ ಅಡ್ಡ ಹಿಡಿದು ನೆರಳು ಮಾಡಿದರೆ ಸಾಸಿವೆಯಷ್ಟು ನೀಲಿ ಕಿಡಿ, ತಾಳಕ್ಕೆ ಸರಿಯಾಗಿ. ಬೇರೆ ಹೊಲದ ಹುಲ್ಲು ಮುಗಿದು, ಬೆರೆಂಡ್ ಹಿಂದಿನ ವಾರ ಸೋಮವಾರವಷ್ಟೇ ಹಸುಗಳನ್ನು ಈ ಕಡೆ ಬಿಟ್ಟು ಅವಸರದಲ್ಲಿ ಹಳೇ ಕಂಬಕ್ಕೆ ತಂತಿ ಎಳೆದಿದ್ದ. ನಾನು ವಿಮಾನ ಇಳಿದ ದಿನ.

ಹೊಸ ಗುಬುಟು ಅವನ ಹತ್ತಿರ ಮುಗಿದಿತ್ತು. ನಮ್ಮಲ್ಲಿ ಇಂಥ ಹೊತ್ತಿನಲ್ಲಿ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಸುತ್ತುತ್ತೇವೆ. ನಾನು ಎರಡು ಕೈಯಲ್ಲಿ ಪೆಡಲ್ ತುಳಿದಂತೆ ತೋರಿಸಿದೆ, ಗಾಳಿ ಊದಿದೆ, ಕತ್ತರಿ ಆಡಿಸಿದೆ. ಬೆರೆಂಡ್ ತನ್ನ ಅಕ್ಕನ ಮುಖ ನೋಡಿದ. ಹೆನ್ನಿಯಮ್ಮನಿಗೆ ಮೊದಲು ಅರ್ಥವಾಯಿತು. ಆ ದೇಶದಲ್ಲಿ ಸೈಕಲ್ ಟ್ಯೂಬಿಗೆ ಬರವೇ. ಬೆರೆಂಡ್ ಕರೆಂಟು ಆರಿಸಿದ ಮೇಲೆ ನಾಲ್ಕು ಸುತ್ತು ಸುತ್ತಿ ಕಟ್ಟಿದೆ. ಟಕ್ ಸಣ್ಣದಾಯಿತು. ಪೂರ್ತಿ ಹೋಗಲಿಲ್ಲ.

ಎರಡನೆಯ ಪಾಳಿ ಚೆನ್ನಾಗಿಯೇ ಶುರುವಾಯಿತು. ನಡುವೆ ಮಳೆ ಹಿಡಿಯಿತು. ಎತ್ತರದ ಹುಲ್ಲು ನೆನೆದು ತಂತಿಯ ಮೇಲೆ ಒರಗಿತು. ಗೆರೆಗಳು ಮತ್ತೆ ಬಂದವು. ಉಳಿದದ್ದು ಅರ್ಧ ಪಾಳಿ. ಅದರಿಂದ ಮಾಡಿದ ಚಿತ್ರವನ್ನು ಮೇಷ್ಟ್ರು ಬಹಳ ಹೊತ್ತು ನೋಡಿ, ಇರಬೇಕು ಅಂತ ಆಸೆಪಟ್ಟು ನೋಡಿದರೆ ಇದೆ ಎಂದರಂತೆ. ಸುಮ ಆ ಮಾತನ್ನು ನನಗೆ ಹೇಳುವಾಗ ಬೇರೆ ಕಡೆ ನೋಡುತ್ತಿದ್ದಳು.

ಕೊನೆಯ ಪಾಳಿ

ಮನೆಯಲ್ಲಿ ಬ್ಯಾಟರಿ ಕೆಟ್ಟು ಬೇಲಿ ಸತ್ತರೆ ನಾವು ಏನು ಮಾಡುತ್ತೇವೆ. ಹೊಲದ ಮೂಲೆಯಲ್ಲಿ ಕೂತು ಕಾಯುತ್ತೇವೆ. ಹೆನ್ನಿಯಮ್ಮನ ಮೇಜಿನ ಸುತ್ತ ಎಲ್ಲರೂ ಕೂತಿದ್ದಾಗ, ಬೆರೆಂಡನೂ ಇದ್ದ, ನಾನು ಅದನ್ನೇ ಅಂದೆ. ಮೂರನೆಯ ಪಾಳಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ. ಅಷ್ಟು ಹೊತ್ತು ಬೇಲಿಯ ಕರೆಂಟು ಆರಿಸೋಣ. ಹಸುಗಳನ್ನು ನಾವೇ ಕಾಯೋಣ.

ಸುಮ ಅದನ್ನು ಅವರ ಭಾಷೆಗೆ ತಿರುಗಿಸಿದಳು. ಬೆರೆಂಡ್ ಬಿಸ್ಕತ್ತು ಮುರಿದು ತಿಂದ. ಆಮೇಲೆ ಸುಮಳನ್ನು ಬಿಟ್ಟು ನನ್ನನ್ನು ಕೇಳಿದ, ಈ ಹುಡುಗಿ ಕಂಡದ್ದು ನಿಜವಾ ಅಂತ.

“ಗೊತ್ತಿಲ್ಲ ಕಣಪ್ಪ. ಅದ್ಕೇ ಕಾಯೋದು,” ಅಂದೆ.

ಸುಮ ಅದನ್ನು ತಿರುಗಿಸಿ ಹೇಳುವ ಮೊದಲು ಒಂದು ಗಳಿಗೆ ತಡೆದಳು. ಬೆರೆಂಡ್ ಕೇಳಿಸಿಕೊಂಡು ಆಗಲಿ ಅಂತ ತಲೆಯಾಡಿಸಿದ. ಹೆನ್ನಿಯಮ್ಮ ಡಬ್ಬಿ ತೆಗೆದು ಅವನಿಗೆ ಎರಡನೆಯ ಬಿಸ್ಕತ್ತು ಕೊಟ್ಟಳು. ಆ ಮನೆಯಲ್ಲಿ ನಾನು ಅದನ್ನು ನೋಡಿದ್ದು ಅದೊಂದೇ ಸಲ.

ಬೆಳಿಗ್ಗೆ ಐದೂವರೆಗೆ ಮೂವರೂ ಹೊಲದಲ್ಲಿದ್ದೆವು. ಮಂಜು ಮೊಣಕಾಲಿನವರೆಗೆ. ಬೆರೆಂಡ್ ಕರೆಂಟು ಆರಿಸಿ ಒಂದು ಮೂಲೆಗೆ ನಿಂತ, ಹೆನ್ನಿಯಮ್ಮ ಮಡಚುವ ಕುರ್ಚಿಯೊಂದಿಗೆ ಇನ್ನೊಂದಕ್ಕೆ, ನಾನು ಕಾಲುವೆಯ ಕಡೆ. ಕೈಯಲ್ಲಿ ಟ್ರಾನ್ಸಿಸ್ಟರ್ ಇಲ್ಲ, ಫೋನೂ ಇಲ್ಲ. ನಲವತ್ತು ಹಸು, ಒಂದು ನಾಯಿ. ಮೊದಲ ಮೂರು ಗಂಟೆ ಯಾವ ಹಸುವೂ ತಂತಿಯ ಕಡೆ ತಲೆ ಎತ್ತಲಿಲ್ಲ. ಅಭ್ಯಾಸವೇ ಬೇಲಿಯಾಗಿತ್ತು.

ಆಮೇಲೆ ಒಂದು ಕಪ್ಪು ಬಿಳಿ ಪಡ್ಡೆ ಹಸು ಬಂದು ತಂತಿಯ ಹತ್ತಿರ ಮೂತಿ ತಂದಿತು. ನಿಂತಿತು. ಇನ್ನೂ ಹತ್ತಿರ ತಂದಿತು. ನಮ್ಮ ಆನೆಗಳೂ ಹೀಗೇ. ಮೊದಲು ಒಣಗಿದ ಕೊಂಬೆ ಎಸೆದು ನೋಡುತ್ತವೆ, ಆಮೇಲೆ ಕಾಲಿನ ಉಗುರು ತಾಗಿಸಿ. ಇದು ನಾಲಿಗೆಯಿಂದ ನೆಕ್ಕಿತು. ಏನೂ ಆಗಲಿಲ್ಲ. ಕತ್ತು ತೂರಿಸಿ, ಮೈ ಒತ್ತಿ, ತಂತಿ ಜಗ್ಗಿಸಿಕೊಂಡು ಆಚೆ ದಾಟಿ ಕಡ್ಡಿ ಹೊಲದ ಕಡೆ ಹೊರಟಿತು.

ಹೋಯ್ ಹೋಯ್ ಅಂತ ಬೂಟು ಕೆಸರಲ್ಲಿ ಊರುತ್ತಾ ಓಡಿದೆ. ಅದಕ್ಕೆ ಕನ್ನಡ ಬರುವುದಿಲ್ಲ. ಬೆರೆಂಡ್ ದೂರದಿಂದ ಅವನ ಭಾಷೆಯಲ್ಲಿ ಕೂಗಿದ, ಅದನ್ನೂ ಕೇಳಲಿಲ್ಲ. ಮಧ್ಯಾಹ್ನದ ಊಟಕ್ಕೆ ಕಟ್ಟಿಕೊಂಡಿದ್ದ ಮುದ್ದೆ ನೆನಪಾಯಿತು. ಡಬ್ಬಿ ಬಿಚ್ಚಿ ಒಂದು ತುತ್ತು ಮುರಿದು ಹಿಡಿದೆ. ಪಡ್ಡೆ ನಿಂತು ಮೂಸಿತು. ವಿಮಾನ ನಿಲ್ದಾಣದವನಿಗಿಂತ ಬೇಗ ಅದಕ್ಕೆ ರಾಗಿಯ ಬೆಲೆ ತಿಳಿಯಿತು. ಮುದ್ದೆ ತೋರಿಸುತ್ತಾ ಹಿಂದೆ ಹಿಂದೆ ನಡೆದು ಅದನ್ನು ಒಳಗೆ ತಂದೆ. ಅವತ್ತು ನಾನು ಉಪವಾಸ.

ಎರಡು ಗಂಟೆಗೆ ಸುಮ ಊರುಗೋಲು ಮೇಲೆತ್ತಿ ರಸ್ತೆಯಿಂದ ಸನ್ನೆ ಮಾಡಿದಳು. ಒಂದು ಗೆರೆಯೂ ಬಿದ್ದಿರಲಿಲ್ಲ.

ಚಿತ್ರ ಸಿದ್ಧವಾಗಲು ಹತ್ತು ದಿನ ಹಿಡಿಯಿತು. ಅವಳು ತೋರಿಸಿದಾಗ ನನಗೆ ಕಂಡದ್ದು ಕಪ್ಪು ಪರದೆ, ಅಲ್ಲಲ್ಲಿ ಚುಕ್ಕಿ, ಒಂದು ಪಕ್ಕಕ್ಕೆ ಮಸಿ ಗೋಡೆಯ ಮೇಲೆ ಬೆರಳು ಸವರಿದಂತೆ ಒಂದು ಬಾಗು. ಹಳೆಯದರಲ್ಲಿ ಇದ್ದ ಜಾಗದಲ್ಲೇ. ಆದರೆ ಹಿಂದೆ ಅಂದುಕೊಂಡಷ್ಟು ಹೊಳಪಿಲ್ಲ. ತಾನು ಮೊದಲು ಬರೆದದ್ದು ಜಾಸ್ತಿಯಾಗಿತ್ತು ಅಂತ ಸುಮ ತಾನೇ ತಿದ್ದಿ ಬರೆದಳು. ಮೇಷ್ಟ್ರು, ಈಗ ಪ್ರಬಂಧದಲ್ಲಿ ಇರಲಿ ಎಂದರು. ನಂಬಿದಿರಾ ಅಂತ ಸುಮಳ ಕೈಲಿ ಕೇಳಿಸಿದೆ. ಅರ್ಧ, ಬೇರೆ ಕಡೆಯ ಬೇರೆ ಯಂತ್ರಕ್ಕೂ ಕಂಡಾಗ ಇನ್ನರ್ಧ ಎಂದರು. ಆ ಮನುಷ್ಯ ಬೇಲಿ ಸುತ್ತಲು ಲಾಯಕ್ಕು ಅಂತ ನನಗೆ ಆಗ ಅನ್ನಿಸಿತು.

ಮತ್ತೆ ತಾಳವಾಡಿ

ಟ್ರಾನ್ಸಿಸ್ಟರನ್ನು ಬೆರೆಂಡನಿಗೆ ಕೊಟ್ಟು ಬಂದೆ. ಅವನು ಒಂದು ಚೀಲ ತುಂಬಾ ಹಳದಿ ಗುಬುಟು ಕೊಟ್ಟ. ಅವು ಏನು ಅಂತ ವಿವರಿಸುವುದರೊಳಗೆ ನಮ್ಮ ವಿಮಾನ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ಹೋಯಿತು. ಬೊಮ್ಮಯ್ಯ ಒಂದನ್ನು ಕಲ್ಲಿಗೆ ಕುಟ್ಟಿ, ಬಿಸಿಲಿಗಿಟ್ಟು, ನೀರಿನಲ್ಲಿ ಮುಳುಗಿಸಿ ನೋಡಿ, ಎಂಟು ದಿನದ ಮೇಲೆ ಕಂಬಕ್ಕೆ ಹಾಕಲು ಒಪ್ಪಿದ. ನನಗೆ ಬೇರೆ ಟ್ರಾನ್ಸಿಸ್ಟರ್ ಚಾಮರಾಜನಗರದಲ್ಲಿ ಸಿಕ್ಕಿತು.

ಸಂಕ್ರಾಂತಿ ಕಳೆದು ಒಂದು ದಿನ ಬೇಲಿಯ ಹತ್ತಿರವಿದ್ದಾಗ ಸುಮಳ ಫೋನು ಬಂತು. ಬೇರೆ ಖಂಡದ ಒಂದು ಒಣ ಸೀಮೆಯಲ್ಲಿ, ತಟ್ಟೆಯಂಥ ಆಂಟೆನಾ ಇರುವ ಕಡೆ, ಇವಳ ಪರಿಚಯವೇ ಇಲ್ಲದವರು ಅದೇ ಎರಡು ಗುಂಪನ್ನು ನೋಡಿದ್ದಾರೆ. ಅದೇ ಜಾಗದಲ್ಲಿ ಅದೇ ಬಾಗು ಸಿಕ್ಕಿದೆ.

“ಅಲ್ಲಿ ಸುತ್ತ ಅಸು ಅವಾ?” ಅಂತ ಕೇಳಿದೆ.

“ಇಲ್ಲ ಅತ್ತೆ, ಒಂದೂ ಇಲ್ಲ. ಬರೀ ಕುರಿ.”

“ಕುರಿಗೆ ಬೇಲಿ ಏನಾಕವ್ರೆ?”

“ಕೇಳಿ ಏಳ್ತೀನಿ” ಅಂದಳು.

ನಾಲ್ಕನೆಯ ದಿನ ಮತ್ತೆ ಫೋನು ಬಂತು. ಬೊಮ್ಮಯ್ಯನೂ ಪಕ್ಕದಲ್ಲಿ ನಿಂತು ಕೇಳಿಸಿಕೊಂಡ. ಕುರಿಗಳಿಗೆ ಅಲ್ಲಿ ಕಲ್ಲು ಪೇರಿಸಿದ ಗೋಡೆಯಂತೆ. ಕರೆಂಟಿಲ್ಲ.